ಕೆಂಪು ಗೀಟಿನ ಮಳೆಗಾಲ

ಹೋದ ವಾರ ಸೀರೆಗೆ ಫಾಲ್ ಹಾಕಿಸಲು ಆರ್.ಟಿ. ನಗರಕ್ಕೆ ಹೋಗಿದ್ದೆ. ನಾನೀಗ ಇರುವ ಹೆಬ್ಬಾಳದಲ್ಲಿ ಫಾಲ್ ಹಾಕುವವರು ಇಲ್ಲವೆಂದಲ್ಲ, ಹಳೆಯ ಅಂಗಡಿಯಲ್ಲೇ ಹಾಕಿಸಬೇಕೆಂಬುದು ನನ್ನ ಹಟ. ಅಂಗಡಿಯಾಕೆ ಅರ್ಧ ಗಂಟೆ ಬಿಟ್ಟು ಬನ್ನಿ ಎಂದಳು. ಮಳೆ ಆಗಷ್ಟೇ ನಿಂತಿತ್ತು. ಸುಮ್ಮನೆ ನಡೆಯುತ್ತಾ ಹಿಂದಿನ ರಸ್ತೆಗೆ ತಿರುಗಿದರೆ ಬೇಕರಿಯವನು ಒಲೆಯಿಂದ ಖಾರ ಬನ್ನಿನ ತಟ್ಟೆ ಹೊರಗೆಳೆಯುತ್ತಿದ್ದ. ಬೆಂದ ಈರುಳ್ಳಿ, ಹಸಿಮೆಣಸಿನಕಾಯಿ, ಅದಕ್ಕೆ ಸೇರಿಕೊಂಡ ಒದ್ದೆ ಗೋಡೆಯ ವಾಸನೆ. ಕಾಲು ಅಲ್ಲೇ ನಿಂತುಬಿಟ್ಟಿತು. ತಲೆಯೆತ್ತಿ ಮೇಲಿನ ಮಹಡಿ ನೋಡಿದೆ. ಈಗ ಅಲ್ಲಿ ಬ್ಯೂಟಿ ಪಾರ್ಲರ್ ಬಂದಿದೆ. ಕೆಲವು ವರ್ಷಗಳ ಹಿಂದೆ ಆ ಕೋಣೆಯಲ್ಲಿ ಕೂತು ನಾನು ಒಂದು ಇಡೀ ಮಳೆಗಾಲ ಕಳೆದಿದ್ದೆ, ಒಂದು ಹನಿ ಮಳೆಯನ್ನೂ ನೋಡದೆ.

ನೋಡುವುದಾದರೂ ಹೇಗೆ, ಕೋಣೆಗೆ ಕಿಟಕಿಯೇ ಇರಲಿಲ್ಲ. ಇದ್ದ ಒಂದನ್ನೂ ಮುನಿರಾಜಣ್ಣ ಇಟ್ಟಿಗೆ ಹಾಕಿ ಮುಚ್ಚಿಸಿದ್ದರು, ಒಳಗಿನ ಯಂತ್ರಗಳಿಗೆ ತಂಪು ಬೇಕೆಂದು. ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ ಮೊದಲ ಮಾತೇ, "ಎಸಿ ಹಾಕಿರೋದು ಮೆಷಿನ್‌ಗೆ ಕಣಮ್ಮ, ನಿನಗಲ್ಲ. ನೀನು ಶಾಲು ತಗೊಂಡ್ ಬಾ." ಮುನಿರಾಜಣ್ಣನವರದು ಆ ಕಡೆಯ ಹಳೆಯ ಊರಿನ ಮನೆತನ. ಹೊಲವಿದ್ದ ಜಾಗದಲ್ಲೆಲ್ಲ ಬಡಾವಣೆ ಎದ್ದ ಮೇಲೆ ಕೇಬಲ್ ಟಿವಿ ಶುರು ಮಾಡಿದರು, ಆಮೇಲೆ ಅದೇ ತಾರಸಿಗಳ ಮೇಲೆ ಇಂಟರ್‌ನೆಟ್ ಎಳೆದರು. ಸುತ್ತಲಿನ ಬೀದಿಗಳ ಮನೆಗಳಿಗೆಲ್ಲ ಅವರದೇ ಲೈನು. ಕಂಪನಿ ಎನ್ನುವುದು ದೊಡ್ಡ ಮಾತಾಯಿತು. ಅವರು, ಹೊರಗಿನ ಕೆಲಸಕ್ಕೆ ಗೌಸ್ ಭಾಯ್, ಒಳಗಿನ ಕಂಪ್ಯೂಟರ್ ಪರದೆಗೆ ನಾನು.

ನಾನು ಮಾಕಳಿಯಿಂದ ಬರುತ್ತಿದ್ದೆ. ಯಶವಂತಪುರದಲ್ಲಿ ಬಸ್ಸು ಬದಲಿಸಬೇಕು. ನಮ್ಮಮ್ಮನಿಗೆ ನನ್ನ ಕೆಲಸ ಏನೆಂಬುದೇ ಅರ್ಥವಾಗುತ್ತಿರಲಿಲ್ಲ. "ಇಂಗೆ ದಿನಾ ಎರಡೆರಡು ಬಸ್ ಅತ್ತಿ ಓಗಿ, ಬಾಗ್ಲು ಆಕ್ಕೊಂಡು ಗೀಟು ನೋಡ್ಕೊಂಡ್ ಕೂತ್ಕತೀಯಲ್ಲ, ಅದ್ಕೂ ಸಂಬಳ ಕೊಡ್ತಾರಾ?" ಎನ್ನುತ್ತಿದ್ದಳು. ಅವಳ ಮಾತು ತಪ್ಪೇನಲ್ಲ. ನನ್ನ ಕೆಲಸ ಗೀಟು ನೋಡುವುದೇ ಆಗಿತ್ತು.

ಪರದೆಯ ಮೇಲೆ ಒಂದೊಂದು ಬೀದಿಯ ಲೈನಿಗೂ ಒಂದೊಂದು ಗ್ರಾಫ್. ಮೇಲೆ ಹಸಿರು ಗುಡ್ಡ, ಅಂದರೆ ಎಷ್ಟು ಡೇಟಾ ಹರಿಯುತ್ತಿದೆ ಎಂಬುದು. ಕೆಳಗಿನ ಚೌಕದಲ್ಲಿ ಕೆಂಪು ಗೀಟು, ಅಂದರೆ ಎರರ್. ಕಳಿಸಿದ್ದು ದಾರಿಯಲ್ಲಿ ಕೆಟ್ಟು ಬಂದರೆ ಅದನ್ನು ಯಂತ್ರ ಎಣಿಸಿಕೊಂಡು ಎಸೆಯುತ್ತದೆ. ಎಸೆದದ್ದು ಹೆಚ್ಚಾದಷ್ಟೂ ಗೀಟು ಮೇಲೇರುತ್ತದೆ. ಇನ್ನೊಂದು ಹಳದಿ ಗೀಟಿದೆ, ಡಿಸ್ಕಾರ್ಡ್ ಅಂತ. ಎರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಮೆಜೆಸ್ಟಿಕ್ ಬಸ್ಸು ತುಂಬಿ ಹೋಗಿ ನಿಮ್ಮನ್ನು ಹತ್ತಿಸಿಕೊಳ್ಳದೆ ಹೋದರೆ ಅದು ಹಳದಿ. ಹತ್ತಿಸಿಕೊಂಡು, ಕೈಕಾಲು ಮುರಿದು ಇಳಿಸಿದರೆ ಅದು ಕೆಂಪು. ಮೊದಲನೆಯದಕ್ಕೆ ದೊಡ್ಡ ಬಸ್ಸು ಬೇಕು, ಎರಡನೆಯದಕ್ಕೆ ರಸ್ತೆ ರಿಪೇರಿ.

ಇದೆಲ್ಲ ನನಗೂ ಬಂದ ದಿನವೇ ತಿಳಿದಿರಲಿಲ್ಲ. ಸೇರಿದ ಮೊದಲ ವಾರ ಒಂದು ಕೆಂಪು ಗೀಟು ಪರದೆಯ ತುದಿ ಮುಟ್ಟಿದ್ದನ್ನು ಕಂಡು ಊಟ ಮಾಡುತ್ತಿದ್ದ ಮುನಿರಾಜಣ್ಣನವರನ್ನು ಎಬ್ಬಿಸಿಕೊಂಡು ಬಂದಿದ್ದೆ. ಆಮೇಲೆ ನೋಡಿದರೆ ಪಕ್ಕದ ಅಳತೆಪಟ್ಟಿಯೇ ಕುಗ್ಗಿ ಕೂತಿತ್ತು. ಎರರ್ ಕಮ್ಮಿಯಿದ್ದಾಗ ಸಾಫ್ಟ್‌ವೇರ್ ತಾನಾಗಿಯೇ ಅಳತೆಯನ್ನು ಕುಗ್ಗಿಸಿ ಗೀಟನ್ನು ಹಿಗ್ಗಿಸಿ ತೋರಿಸುತ್ತದೆ, ಇರುವೆಯೂ ಆನೆಯ ಹಾಗೆ ಕಾಣುತ್ತದೆ. ಮುನಿರಾಜಣ್ಣ ಅನ್ನದ ಕೈಯಲ್ಲೇ ನಿಂತು, "ಮೊದ್ಲು ಪಕ್ಕದಲ್ಲಿರೋ ನಂಬರ್ ಓದಮ್ಮ, ಆಮೇಲೆ ಹೆದರ್ಕೊ" ಎಂದರು. ಇವತ್ತಿಗೂ ಯಾವ ಗ್ರಾಫ್ ನೋಡಿದರೂ ನನ್ನ ಕಣ್ಣು ಮೊದಲು ಪಕ್ಕದ ಅಂಕಿಗೆ ಹೋಗುತ್ತದೆ.

ಗೌಸ್ ಭಾಯ್‌ಗೆ ಐವತ್ತು ದಾಟಿತ್ತು. ಮುನಿರಾಜಣ್ಣನವರ ಜೊತೆ ಹುಡುಗರಾಗಿದ್ದಾಗಿನಿಂದ ತಾರಸಿ ಹತ್ತಿದವರು. ಲೈನು ಎಂದರೆ ಗಾಜಿನ ಎಳೆ, ಅದರೊಳಗೆ ಬೆಳಕು ಓಡುತ್ತದೆ. ಎಳೆ ತುಂಡಾದರೆ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ ಮತ್ತೆ ಕೂಡಿಸಬೇಕು. ಕೂದಲಿಗಿಂತ ಸಣ್ಣ ಎಳೆಯದು, ಒಂದು ಕಣ ಧೂಳು ಉಳಿದರೂ ಬೆಳಕು ಮಂಕಾಗುತ್ತದೆ. ಆ ಜಾಯಿಂಟ್ ಹಾಕುವುದರಲ್ಲಿ ಗೌಸ್ ಭಾಯ್‌ದು ಎತ್ತಿದ ಕೈ. ನನ್ನನ್ನು ಬೇಟಿ ಎಂದೇ ಕರೆಯುತ್ತಿದ್ದರು. ಕೆಳಗಿನ ಬೇಕರಿಯಲ್ಲಿ ಖಾರ ಬನ್ ಮುಗಿದುಹೋಗುತ್ತದೆಂದು ನನ್ನ ಪಾಲಿನದನ್ನು ಮಧ್ಯಾಹ್ನವೇ ತೆಗೆದಿಡಿಸುತ್ತಿದ್ದರು. ಸಂಜೆ ಹೊರಡುವ ಮೊದಲು ನನ್ನ ಕುರ್ಚಿಯ ಹಿಂದೆ ನಿಂತು, "ಏನ್ ಹೇಳ್ತದೆ ಬೇಟಿ ನಿನ್ ಗೀಟು?" ಎಂದು ಕೇಳುವರು. ನಾನು ಓದಿ ಹೇಳುತ್ತಿದ್ದೆ. ಅವರಿಗೆ ಪರದೆಯ ಸಹವಾಸ ಬೇಡ, ಕಂಬ ಏಣಿಗಳೇ ಇಷ್ಟ ಎಂದುಕೊಂಡಿದ್ದೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ರಿಪೇರಿ ಮುಗಿಯುತ್ತಲೇ ಗೌಸ್ ಭಾಯ್ ಕಂಬದ ಮೇಲಿಂದಲೇ ಫೋನ್ ಮಾಡುವರು. "ಸೊನ್ನೆ ಮಾಡು ಬೇಟಿ." ಯಂತ್ರ ಎಣಿಸಿಟ್ಟ ಎರರ್‌ಗಳನ್ನೆಲ್ಲ ನಾನು ಅಳಿಸಿ ಸೊನ್ನೆಗೆ ತರುತ್ತಿದ್ದೆ. ಇಬ್ಬರೂ ಫೋನ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾಯುವುದು. "ಏರ್ತಾ ಇದೆಯಾ?" "ಇಲ್ಲ ಭಾಯ್, ನಿಂತಿದೆ." "ಅಲ್ಹಮ್‌ದುಲಿಲ್ಲಾ." ಅವರು ಇಳಿದು ಟೀ ಕುಡಿಯುವರು, ಕೆಲಸ ಮುಗಿಯಿತು ಎಂದು ಲೆಕ್ಕ. ಹೊಸ ಗಾಡಿಗೆ ನಿಂಬೆಹಣ್ಣು ಇಟ್ಟಷ್ಟೇ ಶ್ರದ್ಧೆಯಿಂದ ನಾವು ಸೊನ್ನೆ ಮಾಡುತ್ತಿದ್ದೆವು.

ಆ ವರ್ಷದ ಬೇಸಿಗೆಯಲ್ಲಿ ಹೊಂಗೆಮರದ ಬೀದಿಯಲ್ಲಿ ಚರಂಡಿಗೆಂದು ಅಗೆಯುವಾಗ ಜೆಸಿಬಿ ತಾಗಿಸಿ ಕಂಬದ ಮೇಲಿನ ನಮ್ಮ ಲೈನನ್ನು ಅಲ್ಲಲ್ಲಿ ಕತ್ತರಿಸಿ ಹಾಕಿದ್ದರು. ಗೌಸ್ ಭಾಯ್ ಎಲ್ಲವನ್ನೂ ಮತ್ತೆ ಕೂಡಿಸಿದ್ದರು. ಮಳೆ ಶುರುವಾಗುತ್ತಲೇ ಆ ಬೀದಿಯಿಂದ ಫೋನುಗಳೂ ಶುರುವಾದವು. ಎಲ್ಲರಿಗಿಂತ ಮೊದಲು ವಿಮಲಾ ಟೀಚರ್. ರಿಟೈರಾದ ಗಣಿತದ ಮೇಡಮ್ಮು, ಸಂಜೆ ಹೊತ್ತು ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಿದ್ದರು. "ನೋಡಮ್ಮ, ಮತ್ತೆ ನಿಂತೋಯ್ತು. ಬಾಯಿ ತೆಗೆದಿದ್ದೆ, ಹಾಗೇ ನಿಂತಿದೀನಂತೆ. ಮಕ್ಕಳು ನನ್ನ ಫೋಟೋ ತೆಗೆದಿಟ್ಕೊಂಡಿವೆ."

ಪರದೆಯಲ್ಲಿ ಸಂಜೆಯಾದರೆ ಕೆಂಪು ಗೀಟು ಏಳುತ್ತಿತ್ತು, ಬೆಳಿಗ್ಗೆ ಹೊತ್ತಿಗೆ ಮಲಗುತ್ತಿತ್ತು. ಬೆಂಗಳೂರಿನ ಮಳೆ ಗೊತ್ತಲ್ಲ, ಅದೂ ಆಫೀಸು ಬಿಡುವ ಹೊತ್ತಿಗೇ ಬರುವುದು. ಹೀಗಾಗಿ ಎಲ್ಲರೂ ಮಳೆಯನ್ನೇ ಹಿಡಿದುಕೊಂಡೆವು. ಬಾಕ್ಸಿಗೆ ನೀರು ಹೋಗಿದೆ ಎಂದು ಗೌಸ್ ಭಾಯ್ ಮಾರನೆಯ ಮಧ್ಯಾಹ್ನ ಹೋಗಿ ಬಿಚ್ಚಿ, ಒಣಗಿಸಿ, ಜಾಯಿಂಟ್ ಮತ್ತೆ ಹಾಕಿ, "ಸೊನ್ನೆ ಮಾಡು ಬೇಟಿ" ಎನ್ನುವರು. ನಿಂತಿದೆ ಭಾಯ್ ಎಂದು ನಾನೆನ್ನುವುದು. ಸಂಜೆಗೆ ಮತ್ತೆ ವಿಮಲಾ ಟೀಚರ್. ಮುನಿರಾಜಣ್ಣ ನಮ್ಮ ಕೋಣೆಯ ಯಂತ್ರವನ್ನೇ ಬದಲಿಸಿ ನೋಡಿದರು. ಏನೂ ಆಗಲಿಲ್ಲ. ಆಗುವುದೂ ಇರಲಿಲ್ಲ. ಏರುತ್ತಿದ್ದದ್ದು ಒಳಬರುವ ಎರರ್, ಅಂದರೆ ನಮ್ಮ ಬಾಗಿಲಿಗೆ ಬರುವ ಮುಂಚೆಯೇ ಕೆಟ್ಟಿದ್ದು. ಬಾಗಿಲು ಬದಲಿಸಿದರೆ ಏನು ಬಂತು?

ಬೀದಿಯ ಮನೆಗಳು ಒಂದೊಂದಾಗಿ ದೊಡ್ಡ ಕಂಪನಿಯ ಕಡೆ ಹೋಗತೊಡಗಿದವು. ಒಂದು ದಿನ ಮುನಿರಾಜಣ್ಣ ದಾಸರಹಳ್ಳಿಯ ಒಬ್ಬ ಕಂಟ್ರಾಕ್ಟರನ್ನು ಕರೆತಂದು ಬೀದಿ ತೋರಿಸಿದರು. ಆಮೇಲೆ ಮೇಲೆ ಬಂದು ಗೌಸ್ ಭಾಯ್ ಮುಖ ನೋಡದೆ ಹೇಳಿದರು. "ದಸರಾದ ಒಳ್ಗೆ ಈ ಬೀದಿ ಸರಿಯಾಗ್ಬೇಕು ಗೌಸು. ಇಲ್ದಿದ್ರೆ ಹೊರಗಿನ ಕೆಲಸ ಪೂರ್ತಿ ಅವನಿಗೆ ಕೊಡ್ತೀನಿ. ಸ್ನೇಹ ಬೇರೆ, ಲೈನ್ ಬೇರೆ."

ಮುನಿರಾಜಣ್ಣ ಹೋದ ಮೇಲೆ ಗೌಸ್ ಭಾಯ್ ನನ್ನ ಪಕ್ಕದ ಸ್ಟೂಲ್ ಮೇಲೆ ಕೂತರು. "ಬೇಟಿ, ಆ ಗೀಟಿಗೆ ಏನ್ ಕಾಯಿಲೆ ಅಂತ ನೀನೇ ಹುಡ್ಕು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದೀನಿ, ಬೇರೆ ಬರಲ್ಲ ನಂಗೆ. ಮಳೆನೇ ಕಾರಣ ಅಂತ ಬಂದ್ರೆ ಮುನಿರಾಜನಿಗೆ ತೋರಿಸ್ಬೋದು." ಅವರಿಗಾಗಿ ಆ ಮಳೆಯ ಮೇಲೆ ತಪ್ಪು ಹೊರಿಸಲು ನಾನು ತುದಿಗಾಲಲ್ಲಿದ್ದೆ. ದಿನವಿಡೀ ಅದೇ ಹುಡುಕಾಟ.

ಮಾರನೆಯ ಸಂಜೆ ವಿಮಲಾ ಟೀಚರ್ ಫೋನ್ ಬಂದಾಗ ಎಂದಿನಂತೆ ಸಮಾಧಾನ ಹೇಳಿದೆ. "ಮಳೆ ನಿಂತ್ಮೇಲೆ ಸರಿಹೋಗುತ್ತೆ ಟೀಚರ್."

"ಯಾವ ಮಳೆ? ಇಲ್ಲಿ ಬಿಸಿಲು ಹೊಡೀತಾ ಇದೆ. ಬಟ್ಟೆ ಒಣಹಾಕಿದೀನಿ ನಾನು."

ಕೆಳಗಿಳಿದು ಹೋಗಿ ನೋಡಿದೆ. ರಸ್ತೆ ಒಣಗಿತ್ತು, ಬೇಕರಿಯ ತಗಡಿನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಇಷ್ಟು ದಿನ ಗೀಟು ಎದ್ದಾಗಲೆಲ್ಲ ಮಳೆ ಬಂದಿದೆ ಎಂದುಕೊಂಡಿದ್ದೆ. ರಾತ್ರಿ ಮನೆಗೆ ಹೊರಡುವಾಗ ರಸ್ತೆ ಒಣಗಿದ್ದರೆ, ಮಳೆ ನಿಂತು ಒಣಗಿದೆ ಎಂದುಕೊಳ್ಳುತ್ತಿದ್ದೆ. ಗೀಟನ್ನು ನೋಡಿ ಮಳೆಯನ್ನು ನಂಬಿದ್ದೆನೇ ಹೊರತು ಮಳೆಯನ್ನು ನೋಡಿರಲಿಲ್ಲ. ನನಗೇ ನಗು ಬಂತು.

ಮೇಲೆ ಬಂದು ಹಸಿರು ಗುಡ್ಡ, ಕೆಂಪು ಗೀಟು ಎರಡನ್ನೂ ಒಂದೇ ಚೌಕದಲ್ಲಿ ಒಂದರ ಮೇಲೊಂದು ಇಟ್ಟೆ. ಎರಡಕ್ಕೂ ಒಂದೇ ಆಕಾರ. ಹಸಿರು ಏರಿದಾಗ ಕೆಂಪು ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ಹಳದಿ ಗೀಟು ಅಲ್ಲಾಡಿರಲೇ ಇಲ್ಲ, ಅಂದರೆ ಲೈನಿನಲ್ಲಿ ನೂಕುನುಗ್ಗಲು ಇಲ್ಲ. ಹೋದದ್ದರಲ್ಲಿ ಒಂದು ಪಾಲು ಹಗಲೂ ಸಂಜೆಯೂ ಒಂದೇ ಸಮ ಕೆಡುತ್ತಿತ್ತು. ಸಂಜೆ ಎಲ್ಲರೂ ಮನೆಗೆ ಬಂದು ಮೊಬೈಲು ಟಿವಿ ಹಚ್ಚುವುದರಿಂದ ಹೋಗುವುದೂ ಹೆಚ್ಚು, ಕೆಡುವುದೂ ಹೆಚ್ಚು, ಅಷ್ಟೇ. ಮಧ್ಯಾಹ್ನ ನಾವು ಸೊನ್ನೆ ಮಾಡಿ ಕಾಯುತ್ತಿದ್ದ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಏನೂ ನೋಡುತ್ತಿರಲಿಲ್ಲ. ಗೀಟು ನಿಂತಿತ್ತೆಂದರೆ ರಸ್ತೆ ಸರಿಯಿತ್ತೆಂದಲ್ಲ, ಬಸ್ಸೇ ಓಡುತ್ತಿರಲಿಲ್ಲ.

ಹಾಗಾದರೆ ಕೆಟ್ಟಿರುವುದು ಜಾಯಿಂಟೇ. ಯಾವುದು? ಬೀದಿಯ ಉದ್ದಕ್ಕೂ ಕಂಬಗಳ ಮೇಲೆ ನಮ್ಮ ಬಾಕ್ಸ್‌ಗಳಿದ್ದವು, ಪ್ರತಿಯೊಂದಕ್ಕೂ ಅದರದೇ ಗ್ರಾಫ್. ಒಂದೊಂದಾಗಿ ತೆರೆದೆ. ಕೆಲವು ಸ್ವಚ್ಛ, ಕೆಲವು ಕೆಂಪು. ಕೆಂಪು ಇದ್ದವೆಲ್ಲ ಆ ಬೇಸಿಗೆಯಲ್ಲಿ ಕೂಡಿಸಿದ ಜಾಯಿಂಟುಗಳು. ಸ್ವಚ್ಛ ಇದ್ದವು ಹಳೆಯವು. ಎರಡೂ ಒಬ್ಬರದೇ ಕೈಕೆಲಸ. ಇಷ್ಟು ವರ್ಷ ಬಿಸಿಲು ಮಳೆಗೆ ಜಗ್ಗದ ಜಾಯಿಂಟ್ ಹಾಕಿದ ಕೈಗೆ ಈ ವರ್ಷ ಏನಾಗಿದೆ ಎಂದು ಯೋಚಿಸುತ್ತಾ ಕೂತೆ. ಆಗ, ದಿನಾ ನನ್ನ ಕುರ್ಚಿಯ ಹಿಂದೆ ನಿಂತು ‘ಏನ್ ಹೇಳ್ತದೆ’ ಎಂದು ಕೇಳುವ ಗೌಸ್ ಭಾಯ್ ನೆನಪಾದರು. ಪರದೆ ಅವರ ಮುಂದೆಯೇ ಇರುತ್ತಿತ್ತು.

ಮುನಿರಾಜಣ್ಣನವರಿಗೆ ಹೇಳಲು ಮನಸ್ಸಾಗಲಿಲ್ಲ. ಮಾರನೆಯ ಮಧ್ಯಾಹ್ನ ಬೇಕರಿಯ ಬೆಂಚಿನ ಮೇಲೆ ಟೀ ಕುಡಿಯುವಾಗ ಗೌಸ್ ಭಾಯ್‌ಗೆ ಎಲ್ಲವನ್ನೂ ಹೇಳಿದೆ. ಮಳೆಯಲ್ಲ, ಜಾಯಿಂಟ್ ಎಂದೆ. ಹೊಸವು ಮಾತ್ರ ಎಂದೆ. ಅವರು ಲೋಟದೊಳಗೆ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ನಾನು ಕೇಳಿಯೇಬಿಟ್ಟೆ. "ಭಾಯ್, ನಿಮಗೆ ಕಣ್ಣು ಸರಿಯಾಗಿ ಕಾಣುತ್ತಾ?"

ಅವರು ಲೋಟ ಕೆಳಗಿಟ್ಟರು. "ಬಲಗಣ್ಣು ಪೂರಾ ಮಂಜು. ಎಡಗಣ್ಣಲ್ಲಿ ಹಂಗೋ ಹಿಂಗೋ ಮಾಡ್ತಿದ್ದೆ. ಎಳೆ ಕೈಗೆ ಸಿಗ್ತದೆ ಬೇಟಿ, ಧೂಳು ಕೈಗೆ ಸಿಗಲ್ಲ."

"ತೋರಿಸ್ಬೋದಿತ್ತಲ್ಲ ಭಾಯ್. ಪೊರೆ ಇರ್ಬೇಕು, ಎಲ್ಲರೂ ತೆಗೆಸ್ಕೋತಾರೆ ಈಗ."

"ನಕ್ಕೋ ಬೇಟಿ, ಬೇಡ. ನಮ್ ಅಮ್ಮಿಗೂ ಹಿಂಗೇ ಆಗಿತ್ತು. ಆಪರೇಷನ್ ಮಾಡಿಸಿದ್ರು, ಇದ್ದಿದ್ದೂ ಹೋಯ್ತು. ಆಮೇಲೆ ಗೋಡೆ ಹಿಡ್ಕೊಂಡೇ ಓಡಾಡಿದ್ಲು, ಸಾಯೋವರ್ಗೂ. ಇವತ್ತು ನಂಗೆ ಅರ್ಧ ಆದ್ರೂ ಕಾಣ್ತದೆ. ಅದೂ ಹೋದ್ರೆ?"

ಟೀ ಆರಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು, ಪಂಚೆಯ ಧೂಳು ಕೊಡವಿ, "ಮುನಿರಾಜನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ" ಎಂದು ಮೆಟ್ಟಿಲು ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಅಷ್ಟು ಹೊತ್ತೂ ಅವರ ಕೈ ಗೋಡೆಯ ಮೇಲಿತ್ತು.

ಮುನಿರಾಜಣ್ಣ ಕೂಗಾಡುತ್ತಾರೆಂದುಕೊಂಡಿದ್ದೆ. ಕೂಗಾಡಿದರು, ಆದರೆ ಬೀದಿಯ ಮಾತೇ ಎತ್ತಲಿಲ್ಲ. "ಕಣ್ ಕಾಣ್ದೆ ಏಣಿ ಹತ್ತಿದ್ಯಲ್ಲೋ ಗೌಸು. ಬೇಸಿಗೆಯಿಂದ ಹತ್ತಿದೀಯ. ಕರೆಂಟ್ ತಂತಿ ಪಕ್ಕದಲ್ಲೇ ಇರುತ್ತಲ್ಲೋ. ನಾನೇನ್ ಸತ್ತೋಗಿದ್ನಾ, ಒಂದ್ ಮಾತು ಹೇಳಕ್ಕೆ ಆಗ್ಲಿಲ್ವಾ?" ಎನ್ನುತ್ತಾ ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಕಾರಣವಿಲ್ಲದೆ ಆ ಕಡೆ ಈ ಕಡೆ ಇಟ್ಟರು. ಆಮೇಲೆ ಬೆನ್ನು ತಿರುಗಿಸಿ ನಿಂತು ಹೇಳಿದರು. "ನಾಳೆನೇ ಆಸ್ಪತ್ರೆಗೆ ಹೋಗೋಣ. ಕಣ್ ಬಂದ್ರೆ ನಿನ್ ಕೆಲಸ ನಿಂದೇ. ಬರ್ಲಿಲ್ಲ ಅಂದ್ರೆ ಮಾತ್ರ ನಿನ್ನ ಏಣಿ ಹತ್ತಿಸಲ್ಲ ನಾನು. ಅದಕ್ಕೆ ಕೋಪ ಮಾಡ್ಕೊಂಡ್ರೂ ಸರಿ."

ಡಾಕ್ಟರು ಪೊರೆಯೆಂದೇ ಹೇಳಿದರು, ಬಲಗಣ್ಣಿಗೆ ಮೊದಲು ದಿನ ಕೊಟ್ಟರು. ಅದಕ್ಕಿಂತ ಮುಂಚೆ ಬೀದಿಯನ್ನು ಸರಿಮಾಡಿಯೇ ಹೋಗುತ್ತೇನೆಂದು ಗೌಸ್ ಭಾಯ್ ಹಟ ಹಿಡಿದರು. ಏಣಿ ಹತ್ತುವವರು ಯಾರು? ಮುನಿರಾಜಣ್ಣನ ಹೊಟ್ಟೆಗೆ ಏಣಿ ತಡೆಯುತ್ತಿರಲಿಲ್ಲ. ನಾನು ದುಪಟ್ಟಾ ಸೊಂಟಕ್ಕೆ ಬಿಗಿದೆ. ಆ ಮಳೆಗಾಲದಲ್ಲಿ ನಾನು ಸರಿಯಾಗಿ ಹಗಲು ಕಂಡದ್ದು ಆಗಲೇ.

ಮುನಿರಾಜಣ್ಣ ಕೆಳಗೆ ಏಣಿ ಹಿಡಿದಿದ್ದರು. ಗೌಸ್ ಭಾಯ್ ಕಂಬಕ್ಕೆ ಒರಗಿ, ತಲೆ ಬಗ್ಗಿಸಿ, ಬಾಯಲ್ಲೇ ಜಾಯಿಂಟ್ ಹಾಕಿಸಿದರು. "ಒರೆಸಿದ್ಯಾ? ಇನ್ನೊಂದ್ ಸಲ. ಉಫ್ ಅಂತ ಊದ್ಬೇಡ, ಉಗುಳು ಬೀಳ್ತದೆ. ಈಗ ಬೆಳಕಿಗೆ ಹಿಡ್ದು ನೋಡು. ಹೊಳೀತಾ ಇದೆಯಾ?" ನನ್ನ ಮೊದಲ ಜಾಯಿಂಟ್ ಹಾಳಾಯಿತು. ಎರಡನೆಯದೂ ಹೋಯಿತು. ಅವರಿಗೆ ಬೇಸರವೇ ಬರಲಿಲ್ಲ. "ನಂದೂ ಮೊದ್ಲು ಹಂಗೇ ಆಗಿತ್ತು, ಮುನಿರಾಜ ಬೈದಿದ್ದ" ಎಂದರು. ಕೆಳಗಿನಿಂದ ಮುನಿರಾಜಣ್ಣ, "ಈಗ್ಲೂ ಬೈತೀನಿ, ಬೇಗ ಮುಗಿಸ್ರಪ್ಪ, ಕಾಲು ನೋಯ್ತಾ ಇದೆ" ಎಂದರು. ವಿಮಲಾ ಟೀಚರ್ ಬಾಗಿಲಲ್ಲಿ ನಿಂತು ನೋಡಿ ನಮಗೆಲ್ಲ ಮಜ್ಜಿಗೆ ಕೊಟ್ಟರು. ಕೆಂಪು ತೋರಿದ ಬಾಕ್ಸ್‌ಗಳನ್ನೆಲ್ಲ ಒಂದೊಂದು ಮಧ್ಯಾಹ್ನ ಹೀಗೆ ಮುಗಿಸಿದೆವು. ಆ ಸಲ ಯಾರೂ ಸೊನ್ನೆ ಮಾಡು ಎನ್ನಲಿಲ್ಲ. ಸಂಜೆಯವರೆಗೂ ಕಾದು ನೋಡಿದೆವು, ಕೆಂಪು ಗೀಟು ದಿನದಿನಕ್ಕೂ ಕುಗ್ಗುತ್ತಿತ್ತು. ಕೊನೆಯ ಬಾಕ್ಸಿನ ಕೆಲಸ ಮುಗಿಯುವುದಕ್ಕೂ ಆಪರೇಷನ್ ದಿನ ಬರುವುದಕ್ಕೂ ಸರಿಹೋಯಿತು.

ಆಪರೇಷನ್ ಆದ ಮೇಲೆ ಗೌಸ್ ಭಾಯ್ ಮನೆಯಲ್ಲೇ ಉಳಿದರು. ಫೋನ್ ಮಾಡಿದಾಗಲೆಲ್ಲ ಹೇಗಿದೆ ಭಾಯ್ ಎಂದರೆ, "ನೀರು ಸುರೀತಾ ಇದೆ, ಮಸುಕು ಮಸುಕು. ಬಂದು ಹೇಳ್ತೀನಿ" ಎನ್ನುವರು, ಬೇರೆ ಮಾತಿಗೆ ಹೋಗುವರು. ಮೊದಮೊದಲು ಹಾಗೇ ಇರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಆದರೂ ಆ ದಿನಗಳಲ್ಲಿ ನಾನು ಬೇಕರಿಯ ಕಡೆಗೇ ಹೋಗಲಿಲ್ಲ. ಅವರ ಅಮ್ಮಿಯ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ನಾನು ಆ ಗ್ರಾಫ್ ಬಿಚ್ಚದೇ ಇದ್ದಿದ್ದರೆ ಅವರಿಗೆ ಇದ್ದಷ್ಟಾದರೂ ಇರುತ್ತಿತ್ತಲ್ಲ ಎಂದುಕೊಳ್ಳುತ್ತಿದ್ದೆ. ವಿಮಲಾ ಟೀಚರ್ ಫೋನೂ ಬರುತ್ತಿರಲಿಲ್ಲ, ಆ ಬೀದಿಯ ಗ್ರಾಫನ್ನು ನಾನು ತೆರೆಯಲೂ ಇಲ್ಲ. ಆಯುಧಪೂಜೆಗೆ ಮುನಿರಾಜಣ್ಣ ಎಲ್ಲ ಯಂತ್ರಗಳಿಗೂ ಕುಂಕುಮ ಇಟ್ಟರು, ಗೌಸ್ ಭಾಯ್ ಏಣಿಗೂ ಇಟ್ಟರು. ಕಂಟ್ರಾಕ್ಟರ್ ಫೋನ್ ಮಾಡಿದಾಗ, ಹಬ್ಬ ಕಳೀಲಿ ಹೇಳ್ತೀನಿ ಎಂದರು.

ಹಬ್ಬ ಕಳೆದ ಮೇಲೆ ಒಂದು ಸಂಜೆ ಗೌಸ್ ಭಾಯ್ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮುನಿರಾಜಣ್ಣ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಗೌಸ್ ಭಾಯ್ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. "ನಮ್ ಹೊಂಗೆಮರದ ಬೀದಿದು ತೋರ್ಸು ಬೇಟಿ" ಎಂದರು.

ತೋರಿಸಿದೆ. ಅವರು ಕನ್ನಡಕ ತೆಗೆದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಪರದೆಗೆ ಹತ್ತಿರ ಬಗ್ಗಿದರು. ಬಹಳ ಹೊತ್ತು ನೋಡಿದರು. ಮೇಲಿನಿಂದ ಕೆಳಗೆ, ಈ ತುದಿಯಿಂದ ಆ ತುದಿಗೆ.

"ಕೆಂಪು ಗೀಟು ಎಲ್ಲೂ ಕಾಣ್ತಿಲ್ಲ ಬೇಟಿ."

ಮುನಿರಾಜಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ಏನು ಹೇಳಬೇಕೋ ತಿಳಿಯದೆ, ಗೀಟು ಎಲ್ಲಿದೆಯೆಂದು ಬೆರಳಿಟ್ಟು ತೋರಿಸೋಣವೆಂದು ನಾನೂ ಅವರ ಪಕ್ಕ ಬಗ್ಗಿದೆ. ಮೇಲೆ ಹಸಿರು ಗುಡ್ಡ ಎಂದಿನಂತೆ ಎದ್ದು ನಿಂತಿತ್ತು, ಇಡೀ ಬೀದಿ ಮನೆಗೆ ಬಂದಿತ್ತು. ಕೆಳಗಿನ ಚೌಕ ಪೂರ್ತಿ ಖಾಲಿ. ನನಗೂ ಕಾಣಲಿಲ್ಲ.

ಗೌಸ್ ಭಾಯ್ ಇನ್ನೂ ಸ್ವಲ್ಪ ಬಗ್ಗಿ, ಚೌಕದ ಮೂಲೆಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಅಕ್ಷರಗಳನ್ನು ಮೆಲ್ಲಗೆ ಓದಿದರು. "ಎರರ್, ಸೊನ್ನೆ."